ಬನ್ನಿನಮ್ಮನ ಹುರುಳಿ ಜಾಡಿ

ಮೊನ್ನೆ ಮಧ್ಯಾಹ್ನ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮಧುಗಿರಿಯಲ್ಲಿ ಈಗ ಅವರೆಕಾಯಿ ಕಾಲ. ಮಗಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಾಗ ಚೀಲ ತುಂಬ ತಂದು ಸುರಿಯುತ್ತಾಳೆ, ಸುಲಿಯುವವಳು ನಾನು. ಅಡಿಗೆಮನೆಯಲ್ಲಿ ಮೊಮ್ಮಗಳು ಬನ್ನು ಮಾಡುತ್ತಿದ್ದಳು. ಕಾಲೇಜಿಗೆ ಹೋಗುವ ಹುಡುಗಿ, ರಜ ಬಂದರೆ ಫೋನು ನೋಡಿಕೊಂಡು ಏನಾದರೂ ಒಂದು ಮಾಡುತ್ತಾಳೆ. ಹಾಲು, ಬೆಣ್ಣೆ, ಮೈದಾ ಸೇರಿ ಬಿಸಿಗೆ ಕೆಂಪಾಗುವ ವಾಸನೆ ಹಜಾರದವರೆಗೂ ಬಂತು. ಒಳಗಿನಿಂದಲೇ ಕೂಗಿದಳು.

"ಅಜ್ಜೀ, ವಾಸ್ನೆ ಹೆಂಗೈತೆ ಹೇಳು. ಆಗೈತಾ?"

ನನ್ನ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಹಿಂದೆ ಇನ್ನೊಬ್ಬಳು ದಿನಾ ಬೆಳಿಗ್ಗೆ ನನ್ನನ್ನು ಇದೇ ಮಾತು ಕೇಳುತ್ತಿದ್ದಳು. ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತಳು ಅನ್ನುವುದಕ್ಕೋಸ್ಕರ ಈಗ ಹೊಗಳಲಾರೆ.

ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಬೆಂಗಳೂರಿಗೆ ಮಗಳ ಮನೆಗೆ ಹೋದೆ. ರಾಜಾಜಿನಗರದಲ್ಲಿ ಒಂದು ಹಳೇ ಕಟ್ಟಡದ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದರು. ಮಗಳು ನರ್ಸು, ಅಳಿಯ ಬಸ್ಸಿನ ಕಂಡಕ್ಟರು, ಮೊಮ್ಮಗಳು ಸ್ಕೂಲಿಗೆ. ಎಲ್ಲರೂ ಹೊರಟ ಮೇಲೆ ಆ ಎರಡು ಕೋಣೆಯಲ್ಲಿ ನಾನೊಬ್ಬಳೇ ಗೋಡೆ ನೋಡಿಕೊಂಡು ಕೂರಬೇಕು. ಆಗ ಕೆಳಗಿನ ಮನೆಯಾಕೆ ಅಡಿಗೆಮನೆಗೆ ಕೈಯಾಳು ಹುಡುಕುತ್ತಿದ್ದಾಳೆ ಅಂತ ಗೊತ್ತಾಯಿತು. ಹೋದೆ.

ಆಕೆಗೆ ಐವತ್ತರ ಆಜುಬಾಜು. ಗಂಡನ ಜೊತೆ ಜಪಾನಿನಲ್ಲಿ ಆರು ವರ್ಷ ಇದ್ದು, ಆತ ತೀರಿಹೋದ ಮೇಲೆ ವಾಪಸ್ಸು ಬಂದವಳು. ಮಕ್ಕಳಿಲ್ಲ. ಅಲ್ಲಿ ಕಲಿತ ಬ್ರೆಡ್ಡು, ಬನ್ನು, ಉಪ್ಪಿನಲ್ಲಿ ಹಾಕಿದ ತರಕಾರಿ, ಅದೇನೇನೋ ಸಾರುಗಳನ್ನೆಲ್ಲ ಮನೆಯಲ್ಲೇ ಮಾಡಿ ಕಾಗದದ ಡಬ್ಬಿಗೆ ಹಾಕಿ ಕಳಿಸುತ್ತಿದ್ದಳು. ಬೆಂಗಳೂರಲ್ಲಿ ಜಪಾನಿನವರ ಮನೆಗಳು ಬೇಕಾದಷ್ಟಿವೆ, ಆ ರುಚಿ ಹತ್ತಿಸಿಕೊಂಡ ನಮ್ಮವರೂ ಇದ್ದಾರೆ. ವಾರಕ್ಕೆ ಎರಡು ದಿನ ಹೆಂಗಸರು ಕಲಿಯಲಿಕ್ಕೂ ಬರುತ್ತಿದ್ದರು. ಬೀದಿಯವರು ಆಕೆಯನ್ನು ಬನ್ನಿನಮ್ಮ ಅನ್ನುತ್ತಿದ್ದರು. ಆ ಹೆಸರು ಆಕೆಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಕೆಂಡವಾಗುತ್ತಿದ್ದಳು. ಅದಕ್ಕೇ ನಾನು ಮನೆಯಲ್ಲಿ ಆ ಹೆಸರು ಬಿಟ್ಟು ಬೇರೆ ಹೆಸರಿನಲ್ಲಿ ಕರೆಯುತ್ತಿರಲಿಲ್ಲ.

ಮೊದಲ ದಿನವೇ ಕೇಳಿದೆ, "ಮೀನು ಗೀನು ಏನಾರ ಐತೇನಮ್ಮ? ನಾವು ಲಿಂಗ ಕಟ್ಟೋ ಮಂದಿ. ಅದೆಲ್ಲ ಮುಟ್ಟಾಕಿಲ್ಲ."

"ನಾನೂ ತಿನ್ನಲ್ಲ. ಇಲ್ಲಿ ಸಮುದ್ರದ ಪಾಚಿ, ಒಣಗಿದ ಅಣಬೆ, ಕಾಳು, ಹಿಟ್ಟು ಅಷ್ಟೇ. ಕೈ ತೋರಿಸು," ಅಂದಳು.

ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು ನೀನು ತಾನು ಅಂದದ್ದು ಒಂದಾಯಿತು. ಉಗುರು ನೋಡಿದಳು. ಸೋಪು ಹಾಕಿಸಿ ಮೂರು ಸಲ ಕೈ ತೊಳೆಸಿದಳು, ಗೋಡೆಯ ಗಡಿಯಾರ ನೋಡಿಕೊಂಡು. ನಾನು ಹದಿನೈದನೇ ವಯಸ್ಸಿನಿಂದ ಹನ್ನೊಂದು ಜನರ ಮನೆಗೆ ಮುದ್ದೆ ಕಟ್ಟಿದ ಕೈ ಅದು. ಯಾರೂ ಹೊಟ್ಟೆನೋವು ಅಂದಿರಲಿಲ್ಲ.

ಆಕೆಯ ಹತ್ತಿರ ಒಂದು ತಕ್ಕಡಿ ಇತ್ತು, ಕರೆಂಟಿನದು. ಉಪ್ಪು, ಸಕ್ಕರೆ, ನೀರು, ಕೊನೆಗೆ ಎಣ್ಣೆಯನ್ನೂ ಅದರ ಮೇಲೆ ಇಟ್ಟು ತೂಗುತ್ತಿದ್ದಳು. ಒಂದು ಸಲ ನಾನು ಅಂಗೈಯಳತೆಯಲ್ಲಿ ಉಪ್ಪು ತೆಗೆದು ಹಾಕಹೋದೆ. ತಡೆದು, ನನ್ನ ಅಂಗೈಯ ಉಪ್ಪನ್ನು ತಕ್ಕಡಿಗೆ ಸುರಿಸಿದಳು. ಸರಿಯಾಗಿ ಇತ್ತು, ಒಂದು ಚಿಟಿಕೆ ಹೆಚ್ಚಿಲ್ಲ ಕಡಿಮೆಯಿಲ್ಲ. ಆಕೆ ಅದನ್ನು ನೋಡಿದಳು. ನೋಡಿಯೂ ವಾಪಸ್ಸು ಡಬ್ಬಿಗೆ ಸುರಿದು, ತಾನೇ ಮತ್ತೆ ತೂಗಿ ಹಾಕಿದಳು. ಅವತ್ತಿಂದ ನನಗೆ ಆಕೆಯ ಮೇಲೆ ಹಟ ಹುಟ್ಟಿತು.

ಕೆಲಸ ಮಾತ್ರ ಕಲಿತೆ. ಇಲ್ಲ ಅನ್ನಲಾರೆ. ಬ್ರೆಡ್ಡು ಹತ್ತಿಯ ಹಾಗೆ ಮೆತ್ತಗಾಗಲಿ ಅಂತ ಮೊದಲು ಸ್ವಲ್ಪ ಮೈದಾವನ್ನು ನೀರಿನಲ್ಲಿ ಗಂಜಿ ಕಾಯಿಸಿ, ಆರಿಸಿ, ಆಮೇಲೆ ಮಿಕ್ಕ ಹಿಟ್ಟಿಗೆ ಸೇರಿಸಿ ನಾದುತ್ತಾರೆ. ಜಪಾನಿನಲ್ಲಿ ಅದಕ್ಕೆ ಏನೋ ಹೆಸರಿದೆ. "ನಾವೂ ಮುದ್ದೆಗೆ ಇಂಗೇ ಗಂಜಿ ಇಕ್ಕೋದು ಕಣಮ್ಮ," ಅಂತ ನಕ್ಕೆ. ಆಕೆ ನಗಲಿಲ್ಲ. ಅಡಿಗೆಮನೆಯಲ್ಲಿ ಆಕೆ ನಕ್ಕದ್ದು ನನಗೆ ನೆನಪಿಲ್ಲ.

ಬನ್ನಿನೊಳಗೆ ಇಡುವುದಕ್ಕೆ ಜಪಾನಿನವರು ಒಂದು ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಹಾಕಿ ಹೂರಣ ಮಾಡುತ್ತಾರೆ. ಒಂದು ಚಳಿಗಾಲ ಆ ಕಾಳು ಎಲ್ಲೂ ಸಿಗಲಿಲ್ಲ. ಆಕೆ ಎರಡು ದಿನ ಫೋನು ಹಿಡಿದು ಕೂಗಾಡಿದಳು. ಮೂರನೇ ದಿನ ನಾನು ಅವರೆಕಾಳು ನೆನೆಸಿ, ಹಿತುಕಿ, ಬೇಳೆ ಬೇಯಿಸಿ, ಜರಡಿಯಲ್ಲಿ ಉಜ್ಜಿ, ಸಕ್ಕರೆ ಹಾಕಿ ಕೆದಕಿ ತಂದು ಮುಂದಿಟ್ಟೆ. ಬೆಳ್ಳಗೆ, ನಯವಾಗಿ, ಬೆಣ್ಣೆಯ ಹಾಗಿತ್ತು. ಚಮಚದ ತುದಿಯಲ್ಲಿ ತೆಗೆದು ಬಾಯಿಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ಮಾರನೇ ವಾರ ಡಬ್ಬಿಯ ಮೇಲೆ ಹೊಸ ಚೀಟಿ ಅಂಟಿತ್ತು, ಅವರೆ ಬನ್ನು ಅಂತ. ಜಪಾನಿನ ಹೆಂಗಸರು ಬಾಗಿ ಬಾಗಿ ಹೊಗಳಿ ಕೊಂಡು ಹೋದರು. ಹೊಗಳಿಕೆಯೆಲ್ಲ ಆಕೆ ಇಟ್ಟುಕೊಂಡಳು. ಕಾಳು ಹಿತುಕಿ ಹಿತುಕಿ ಕಪ್ಪಾದ ಹೆಬ್ಬೆರಳು ನನ್ನದು.

ಮೂರನೇ ವರ್ಷಕ್ಕೆ ಮಿಸೊ ಹಾಕುವ ಮಾತು ಬಂತು. ಕಾಳು ಬೇಯಿಸಿ ಅರೆದು, ಉಪ್ಪು ಹಾಕಿ, ಬೂಸಲು ಹಿಡಿಸಿದ ಅಕ್ಕಿ ಬೆರೆಸಿ, ಜಾಡಿಯಲ್ಲಿ ಒತ್ತಿ ಒಂದು ವರ್ಷ ಮುಚ್ಚಿಡುತ್ತಾರೆ. ಆಮೇಲೆ ಅದೇ ಅವರ ಸಾರಿಗೆ ಹುಳಿಪುಡಿಯಿದ್ದ ಹಾಗೆ. ಅವರು ಸೋಯಾ ಕಾಳಿನಲ್ಲಿ ಮಾಡುವುದು. ಈಕೆಗೆ ಹುರುಳಿಯಲ್ಲಿ ಮಾಡಬೇಕು ಅಂತ ಆಸೆ. ಬೆಂಗಳೂರಲ್ಲಿ ಯಾರೂ ಮಾಡಿರಬಾರದು, ತಾನೇ ಮೊದಲಾಗಬೇಕು.

"ನಿಮ್ಮ ಕಡೆ ಹುರುಳಿ ಚೆನ್ನಾಗಿ ಬರುತ್ತಲ್ಲ, ತಂದುಕೊಡು," ಅಂದಳು.

ನನ್ನ ತವರು ಪಾವಗಡ ತಾಲೂಕಿನ ಬಲಸಮುದ್ರದ ಹತ್ತಿರ. ಅಪ್ಪ ನನ್ನ ಹೆಸರಿಗೆ ಬರೆದ ಎರಡೆಕರೆಯನ್ನು ತಮ್ಮನೇ ನೋಡಿಕೊಳ್ಳುತ್ತಿದ್ದ. ಕೆಂಪು ಮಣ್ಣು, ಕಲ್ಲು, ಹುರುಳಿ ಬಿಟ್ಟರೆ ಬೇರೆ ಏನೂ ಮನಸ್ಸಿಟ್ಟು ಬರದ ನೆಲ. ನಾನು ಹೋದಾಗ ತಮ್ಮ ಕಣದಲ್ಲಿ ನಿಂತು ಅರ್ಧ ಮೂಟೆ ಹುರುಳಿ ಕಟ್ಟಿಕೊಟ್ಟ. ಅವನ ಮಾತಿನಲ್ಲಿ ಅರ್ಧ ತೆಲುಗು.

"ಅಯಿಪಾಯ ಅಕ್ಕಾ, ಮುಗೀತು. ಇದೇ ಕಡೇ ಹುರುಳಿ. ಬರೋ ವರ್ಷ ಇಲ್ಲಿ ಬರೇ ಗಾಜು ಕಣಕ್ಕ."

ಸುತ್ತಲ ಹೊಲವೆಲ್ಲ ಆಗಲೇ ಸೋಲಾರಿಗೆ ಹೋಗಿತ್ತು. ನಮ್ಮದಕ್ಕೂ ಸಹಿ ಹಾಕಿದ್ದೆವು. ಯಾರೂ ಬಲವಂತ ಮಾಡಿರಲಿಲ್ಲ. ನಾನೇ ಹೆಬ್ಬೆಟ್ಟು ಒತ್ತದೆ, ನಾಲ್ಕನೇ ಕ್ಲಾಸಿನಲ್ಲಿ ಕಲಿತ ಅಕ್ಷರದಲ್ಲಿ ಹೆಸರು ಬರೆದು ಕೊಟ್ಟಿದ್ದೆ. ಆ ಮೂಟೆಯನ್ನು ಬಸ್ಸಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿಗೆ ತಂದೆ. ಆಕೆಗೆ ಇದು ಯಾವ ಹೊಲದ್ದು, ಎಂಥಾ ಹುರುಳಿ ಅಂತ ಹೇಳಲಿಲ್ಲ. ಆಕೆ ಕೇಳಲೂ ಇಲ್ಲ.

ಮಿಸೊ ಹಾಕಿದ ದಿನ ಚೆನ್ನಾಗಿ ನೆನಪಿದೆ. ಕಾವು ಹೊರಗೆ ಹೋಗದಿರಲಿ ಅಂತ ಐಸ್ ಡಬ್ಬಿಯೊಳಗೆ ಒದ್ದೆ ಬಟ್ಟೆ ಸುತ್ತಿಟ್ಟ ಅಕ್ಕಿ ಬೆಳ್ಳಗೆ ಬೂಸಲು ಹಿಡಿದಿತ್ತು. ನಮ್ಮ ಮನೆಯಲ್ಲಾಗಿದ್ದರೆ ಹೊತ್ತುಕೊಂಡು ಹೋಗಿ ತಿಪ್ಪೆಗೆ ಹಾಕುತ್ತಿದ್ದೆವು. ಮೂಸಿ ನೋಡಿದರೆ ಆಗ ತಾನೇ ಸೀಳಿದ ಹೊಂಬಾಳೆಯ ವಾಸನೆ. ಹುರುಳಿಯನ್ನು ದೊಡ್ಡ ಪಾತ್ರೆಯಲ್ಲಿ ಬೇಯಿಸಿದೆ. ಬೆಂದ ಹುರುಳಿಯ ವಾಸನೆಗೆ ಆ ಮನೆಯ ಬೆಣ್ಣೆ, ಮೈದಾ ಎಲ್ಲ ಅಡಗಿಹೋಯಿತು. ನಮ್ಮ ಹಟ್ಟಿಯ ಅಡಿಗೆಮನೆಯೇ ಬಂದು ಅಲ್ಲಿ ಕೂತಂತೆ ಆಯಿತು.

"ನೀರೆಲ್ಲ ಬಸಿ. ಒಂದು ತೊಟ್ಟೂ ಇರಬಾರದು. ಸಿಂಕಿಗೆ ಸುರಿ," ಅಂದಳು.

ಹುರುಳಿ ಬಸಿದ ನೀರನ್ನು ನಾವು ಕಟ್ಟು ಅನ್ನುತ್ತೇವೆ. ಪಾವಗಡದ ಕಡೆ ಅದನ್ನು ಚೆಲ್ಲಿದ ಹೆಂಗಸನ್ನು ನಾನು ನೋಡಿಲ್ಲ. ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆ ಅರೆದು ಹಾಕಿದರೆ ಎರಡು ದಿನದ ಸಾರು ಅದು. ಮಿಕ್ಕರೆ ಎತ್ತಿಗೆ. ಕಾಳಿನ ಸತ್ವವೆಲ್ಲ ಕಟ್ಟಿನಲ್ಲೇ ಇರುವುದು. "ಮೇಲೆ ತಗಂಡೋಯ್ತೀನಿ ಕಣಮ್ಮ, ಸಾರು ಮಾಡ್ಕಂತೀನಿ," ಅಂದೆ.

"ಕೆಲಸದ ಮಧ್ಯೆ ಪಾತ್ರೆ ಹಿಡ್ಕೊಂಡು ಮೇಲೆ ಕೆಳಗೆ ಓಡಾಡಬೇಡ. ಸುರಿ ಅಂದರೆ ಸುರಿ."

ಸುರಿದೆ. ಕೆಂಪಗೆ, ಮಂದವಾಗಿ, ಬಿಸಿ ಆಡುತ್ತಾ ಆ ತೂತಿನೊಳಗೆ ಗಟಗಟ ಇಳಿಯಿತು. ಅರ್ಧ ಹೋದ ಮೇಲೆ ನನ್ನ ಕೈ ತಡೆಯಿತು. ಅದು ನಮ್ಮ ಹೊಲದ ಕಡೇ ಹುರುಳಿ, ಅದರ ಕಟ್ಟು ಬೆಂಗಳೂರಿನ ಮೋರಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಆಕೆಗೆ ಫೋನು ಬಂತು, ಮುಂದಿನ ಕೋಣೆಗೆ ಹೋದಳು. ನಾನು ಬಸಿದ ಹುರುಳಿಯನ್ನು ಅರೆದು, ಮಿಕ್ಕ ಕಟ್ಟಿನಲ್ಲಿ ಎರಡು ಚೆಂಬು ಅದಕ್ಕೇ ಸುರಿದು ಕಲಸಿಬಿಟ್ಟೆ. ಕಾಳಿನ ಸತ್ವ ಕಾಳಿಗೇ ಸೇರಲಿ ಅಂತ. ಕೆಡಿಸಬೇಕು ಅಂತ ಅಲ್ಲ. ಈ ಮಾತು ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಆಕೆ ಬಂದು ಹಿಟ್ಟು ಒತ್ತಿ ನೋಡಿದಳು. "ಮೆತ್ತಗಾಯ್ತಲ್ಲ?"

"ಹುರುಳಿ ಅಂಗೇ ಕಣಮ್ಮ. ನಿಮ್ ಸೋಯಾ ಅಲ್ವಲ್ಲ."

ಆಕೆಗೆ ಸೋಯಾ ಗೊತ್ತಿತ್ತು, ಹುರುಳಿ ಗೊತ್ತಿರಲಿಲ್ಲ. ನಂಬಿದಳು. ಅದನ್ನು ಉಂಡೆ ಕಟ್ಟಿ, ಒಳಗೆ ಗಾಳಿ ನಿಲ್ಲದ ಹಾಗೆ ಜಾಡಿಯ ತಳಕ್ಕೆ ಬೀಸಿ ಒಗೆಯಬೇಕು. ಉಂಡೆ ಕಟ್ಟಿದ್ದು, ಒಗೆದದ್ದು ಎಲ್ಲ ನಾನೇ. ಮುದ್ದೆ ಕಟ್ಟಿದ ಕೈಗೆ ಅದೇನು ಕಷ್ಟವಲ್ಲ. ಮೇಲೆ ಉಪ್ಪು ಉದುರಿಸಿ, ಕಲ್ಲಿಟ್ಟು, ಬಟ್ಟೆ ಕಟ್ಟಿ ಮೂಲೆಗೆ ಸರಿಸಿದೆವು.

ಆ ಬೇಸಿಗೆಯಲ್ಲಿ ಊರಿಗೆಲ್ಲ ಬಂದ ಜ್ವರ ಆಕೆಗೂ ಬಂತು. ಹದಿನೈದು ದಿನ ಬಾಗಿಲು ಹಾಕಿಕೊಂಡು ಮಲಗಿದ್ದಳು. ನಾನು ಗಂಜಿ ಮಾಡಿ ಬಾಗಿಲ ಮುಂದೆ ಇಟ್ಟು, ಬೆಲ್ಲು ಒತ್ತಿ, ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದೆ. ತೆಗೆದುಕೊಂಡು ಬಾಗಿಲು ಹಾಕುತ್ತಿದ್ದಳು. ಒಂದು ದಿನ ಗಂಜಿ ಚೆನ್ನಾಗಿದೆ ಅಂದಿದ್ದರೆ...

ಎದ್ದ ಮೇಲೆ ಆಕೆಗೆ ಹೊಸದೊಂದು ಚಾಳಿ ಹಿಡಿಯಿತು. ಬೆಳಿಗ್ಗೆ ನಾನು ಹೋದ ಕೂಡಲೇ ಒಂದೊಂದೇ ಡಬ್ಬಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿಯುವುದು. "ಹೇಗಿದೆ ವಾಸನೆ, ಹೇಳು." ಹಾಲು, ಬೆಣ್ಣೆ, ಉಬ್ಬಿದ ಹಿಟ್ಟು, ಉಪ್ಪಿನಲ್ಲಿ ಹಾಕಿದ ಮೂಲಂಗಿ, ಎಲ್ಲ. ಬನ್ನು ಒಲೆಯಲ್ಲಿದ್ದರೆ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, "ಆಯ್ತಾ? ಈಗ ಆಯ್ತಾ? ವಾಸನೆ ಏನು ಹೇಳುತ್ತೆ?" ಸ್ಕೂಲು ಮಕ್ಕಳಿಗೆ ಮಗ್ಗಿ ಕೇಳುವ ಹಾಗೆ. ಮೂರು ವರ್ಷ ದುಡಿದವಳನ್ನು ಈಗ ಪರೀಕ್ಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮೈಯೆಲ್ಲ ಉರಿಯುತ್ತಿತ್ತು. ಆದರೂ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ.

ಒಂದು ದಿನ ಆಕೆ ಒಲೆಯ ಮುಂದೆಯೇ ನಿಂತಿದ್ದಳು, ಹಾಲು ತಳ ಹಿಡಿದು ಸೀದ ವಾಸನೆ ಮನೆಯೆಲ್ಲ ಹಬ್ಬಿತ್ತು. ನಾನು ಹಿತ್ತಲಿಂದ ಓಡಿ ಬಂದು ಆರಿಸಿದೆ. "ಮೊದಲೇ ಯಾಕೆ ಕೂಗಲಿಲ್ಲ?" ಅಂತ ನನ್ನನ್ನೇ ಬೈದಳು. ತನ್ನ ತಪ್ಪು ನನ್ನ ತಲೆಗೆ ಕಟ್ಟುವವಳು ಅಂದುಕೊಂಡೆ. ನನಗೆ ಅಷ್ಟೇ ತೋಚಿದ್ದು.

ವರ್ಷ ಕಳೆಯಿತು. ಜಪಾನಿನ ಹಿರಿಯ ಹೆಂಗಸೊಬ್ಬಳು ಮಿಸೊ ನೋಡಲಿಕ್ಕೆ ಬರುವುದು ಅಂತ ಗೊತ್ತಾಯಿತು. ಬೆಂಗಳೂರಿನಲ್ಲಿರುವ ಅವರ ಜನಕ್ಕೆಲ್ಲ ಆಕೆ ಹೇಳಿದ್ದೇ ಮಾತು. ಒಪ್ಪಿದರೆ ಅಷ್ಟೂ ಮನೆಗೆ ತಿಂಗಳು ತಿಂಗಳು ಬ್ರೆಡ್ಡು, ಮಿಸೊ ಎಲ್ಲ ಈಕೆಯೇ ಕೊಡುವುದು. ಬನ್ನಿನಮ್ಮ ಆಗಲೇ ಮುಖ್ಯರಸ್ತೆಯಲ್ಲಿ ಒಂದು ಮಳಿಗೆ ನೋಡಿಟ್ಟಿದ್ದಳು. ಆ ಒಂದು ಜಾಡಿಯ ಮೇಲೆ ಆಕೆಯ ಮುಂದಿನದೆಲ್ಲ ನಿಂತಿತ್ತು.

ಅದಕ್ಕೆ ನಾಲ್ಕು ದಿನ ಮುಂಚೆ ಒಬ್ಬಳು ಹುಡುಗಿ ಫೋನಿನಲ್ಲಿ ವಿಡಿಯೋ ಮಾಡಲಿಕ್ಕೆ ಬಂದಳು. ಬನ್ನಿನಮ್ಮ ಒಳ್ಳೇ ಸೀರೆ ಉಟ್ಟು ಜಾಡಿಯ ಪಕ್ಕ ನಿಂತು ಹೇಳಿದಳು, "ಈ ಹುರುಳಿ ಇದೆಯಲ್ಲ, ಇದನ್ನು ಪಾವಗಡದ ಕಡೆ ಒಂದು ಹೊಲದಲ್ಲಿ ನಾನೇ ಹುಡುಕಿ ತಂದದ್ದು." ನಾನು ಬನ್ನಿನ ತಟ್ಟೆ ಹಿಡಿದು ಬಂದೆ. "ಸ್ವಲ್ಪ ಆ ಕಡೆ ಹೋಗಮ್ಮ," ಅಂದಳು. ಆ ಹುಡುಗಿ ಕೇಳಿದಳು, "ಆಂಟಿ, ಅವರು ಯಾರು?"

"ಪಾತ್ರೆ ತೊಳೆಯೋಕೆ ಬರ್ತಾರೆ."

ಪಾತ್ರೆ ತೊಳೆಯುವುದು ಕೀಳು ಕೆಲಸ ಅಂತ ನಾನು ಹೇಳುವುದಿಲ್ಲ. ಅದನ್ನೂ ತೊಳೆದಿದ್ದೇನೆ. ಆದರೆ ಅದು ನನ್ನ ಹೊಲ, ನನ್ನ ಹುರುಳಿ, ನನ್ನ ಕೈಯ ಉಂಡೆ. ತಟ್ಟೆ ಒಳಗಿಟ್ಟು ಮೇಲೆ ಹೋದೆ.  ಮಗಳು, "ಯಾಕವ್ವಾ, ಏನಾಯ್ತು?" ಅಂತ ಕೇಳಿದರೆ, "ಏನೂ ಇಲ್ಲ ಬುಡು," ಅಂದೆ.

ಆ ಹೆಂಗಸು ಬರುವ ಹಿಂದಿನ ದಿನ ಬೆಳಿಗ್ಗೆ ಜಾಡಿ ತೆಗೆದೆವು. ಬಟ್ಟೆ ಬಿಚ್ಚಿ, ಕಲ್ಲೆತ್ತಿ, ಮುಚ್ಚಳ ಸರಿಸಿದ ಕೂಡಲೇ ನನಗೆ ಗೊತ್ತಾಯಿತು. ಮುಗ್ಗಲು ವಾಸನೆ, ಅದರ ಕೆಳಗೆ ಕೊಳೆತ ವಾಸನೆ. ಕಟ್ಟಿನ ಕೆಲಸ. ನೀರು ಹೆಚ್ಚಾಗಿ ಒಳಗೇ ಕೆಟ್ಟಿತ್ತು. ನೋಡುವುದಕ್ಕೆ ಏನೂ ಕೆಟ್ಟಿರಲಿಲ್ಲ, ಕಂದು ಬಣ್ಣ, ಮೇಲೆ ಸ್ವಲ್ಪ ನೀರು. ನೀರು ಬರಬೇಕಾದ್ದೇ ಅಂತ ಆಕೆ ಹೇಳಿದಳು. ಬೆರಳ ತುದಿಯಲ್ಲಿ ನೆಕ್ಕಿ, "ಉಪ್ಪು ಸರಿಯಾಗಿದೆ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ವಾಸನೆ ಹೇಗಿದೆ?"

ಎದುರಿಗೇ ಇಷ್ಟು ನಾತ ಹೊಡೆಯುತ್ತಿದ್ದರೂ ಕೇಳುತ್ತಾಳಲ್ಲ, ಪರೀಕ್ಷೆಯಾ ಇದು, ತಮಾಷೆಯಾ ಅಂತ ಆಕೆಯ ಮುಖ ನೋಡಿದೆ. ಆ ಮುಖದಲ್ಲಿ ತಮಾಷೆ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಆಗ ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಸೀದ ಹಾಲು, ದಿನದ ಡಬ್ಬಿಗಳು, ಆ ಜ್ವರ... ಆಕೆಯ ಮೂಗು ಸತ್ತಿತ್ತು. ಎಂಟು ತಿಂಗಳಿಂದ ಆಕೆ ನನ್ನ ಮೂಗಿನಲ್ಲಿ ಅಡಿಗೆ ಮಾಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ನನಗೂ.

ಇಲ್ಲಿ ನಾನು ಒಳ್ಳೆಯವಳಾಗಬಹುದಿತ್ತು. ಇನ್ನೂ ಒಂದು ದಿನ ಇತ್ತು. ಕೆಟ್ಟಿದೆ ಅಂದಿದ್ದರೆ ಫೋನು ಮಾಡಿ ಬೇಡ ಅನ್ನುತ್ತಿದ್ದಳು, ಬನ್ನು ಕೊಟ್ಟು ಕಳಿಸುತ್ತಿದ್ದಳು, ಮಾನ ಉಳಿಯುತ್ತಿತ್ತು. ನನ್ನ ಕಿವಿಯಲ್ಲಿ ಇನ್ನೂ ಆ ಮಾತಿತ್ತು, ಪಾತ್ರೆ ತೊಳೆಯೋಕೆ ಬರ್ತಾರೆ.

"ಚೆನ್ನಾಗೈತೆ ಕಣಮ್ಮ," ಅಂದೆ.

ಆಕೆ ಉಸಿರು ಬಿಟ್ಟಳು. ಆಮೇಲೆ ನನ್ನ ಮೊಣಕೈಯನ್ನು ಒಂದು ಸಲ ಮುಟ್ಟಿದಳು. ಮೂರು ವರ್ಷಕ್ಕೂ ಮೇಲಾಗಿತ್ತು, ಆಕೆ ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

ಮಾರನೇ ದಿನ ಆ ಹೆಂಗಸು ಬಂದಳು. ಎಪ್ಪತ್ತರ ಹತ್ತಿರ, ಸಣ್ಣ ಆಳು, ಬಿಳಿ ಕೂದಲು. ಇಬ್ಬರೂ ಅವರ ಭಾಷೆಯಲ್ಲಿ ಮಾತಾಡಿಕೊಂಡರು. ಒಲೆಯಲ್ಲಿ ಅವರೆ ಬನ್ನು ಬೇಯುತ್ತಿತ್ತು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬನ್ನಿನಮ್ಮ ಎರಡೂ ಕೈಯಲ್ಲಿ ಜಾಡಿಯನ್ನು ಮೇಜಿನ ಮೇಲಿಟ್ಟಳು. ಆ ಹೆಂಗಸು ಮುಚ್ಚಳ ತೆಗೆದು ಬಾಗಿದಳು. ಮುಖ ಸಿಂಡರಿಸಲಿಲ್ಲ, ಮೂಗು ಹಿಡಿಯಲಿಲ್ಲ. ಮುಚ್ಚಳವನ್ನು ನಿಧಾನವಾಗಿ ವಾಪಸ್ಸು ಇಟ್ಟು, ಸರಿಯಾಗಿ ಕೂರುವ ಹಾಗೆ ತಿರುಗಿಸಿ, ಎರಡು ಅಂಗೈಯಲ್ಲಿ ಒತ್ತಿದಳು. ಹೆಣದ ಮುಖಕ್ಕೆ ಬಟ್ಟೆ ಮುಚ್ಚಿದ ಹಾಗಿತ್ತು. ಆಮೇಲೆ ಎದ್ದು, ತಲೆ ತಗ್ಗಿಸಿ, ಮೆತ್ತಗೆ ಏನೋ ಹೇಳಿ, ಬನ್ನಿಗೂ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಉಗಿದಿದ್ದರೆ ಎಷ್ಟೋ ವಾಸಿ ಇತ್ತು.

ಬನ್ನಿನಮ್ಮ ಬಾಗಿಲು ಹಾಕಿ ಬಂದಳು. "ಕೆಟ್ಟಿದೆಯಾ?"

"ಕೆಟ್ಟೈತೆ."

"ನಿನ್ನೆ?"

"ನಿನ್ನೇನೂ ಕೆಟ್ಟಿತ್ತು."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮ."

ಕೂಗಾಡುತ್ತಾಳೆ ಅಂತ ಕಾದೆ. ಕೂಗಲಿಲ್ಲ. ಕುರ್ಚಿ ಎಳೆದು ಕೂತು, "ಏನು ವಾಸನೆ ಅದು? ಹೇಳು," ಅಂದಳು. ಹೇಳಿದೆ. "ಮುಸುರೆ ಬಾನಿ ಮೂರು ದಿವ್ಸ ಬಿಸಿಲಾಗಿ ಕೂತಂಗೆ." ತಲೆಯಾಡಿಸಿದಳು. ತನಗೆ ತಾನೇ ಅನ್ನುವ ಹಾಗೆ ಹೇಳಿದಳು, "ಹುರುಳಿ ಇದಕ್ಕೆ ಆಗಲ್ಲ ಅಂತ ಕಾಣುತ್ತೆ. ಹುರುಳೀದೇ ದೋಷ."

ಕಟ್ಟಿನ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹುರುಳಿಯದ್ದಲ್ಲ, ನನ್ನದು ಅನ್ನಬೇಕಿತ್ತು. ಅನ್ನಲಿಲ್ಲ. ಸುಳ್ಳು ಹೇಳಿದವಳು ಅನ್ನುವುದನ್ನು ಒಪ್ಪಿಕೊಂಡೆ, ಕೆಲಸ ಕೆಡಿಸಿದವಳು ಅಂತ ಒಪ್ಪಿಕೊಳ್ಳಲು ನನ್ನ ಜಂಬ ಬಿಡಲಿಲ್ಲ. ನಮ್ಮಪ್ಪನ ಹೊಲ ಕೊನೆಯದಾಗಿ ಕೊಟ್ಟ ಕಾಳಿನ ಮೇಲೆ ಆ ಕೆಟ್ಟ ಹೆಸರು ಹೊರಿಸಿ ಸುಮ್ಮನೆ ನಿಂತೆ.

ಆಗ ಒಲೆಯಲ್ಲಿದ್ದ ಬನ್ನಿನ ವಾಸನೆ ಬಂತು. ಹದವಾಗಿ ಆಗಿತ್ತು. ನಾನು ಹೋಗಿ ತಟ್ಟೆ ತೆಗೆದೆ. ಅವತ್ತಿನಷ್ಟು ಚೆನ್ನಾಗಿ ಆ ಅವರೆ ಬನ್ನು ಯಾವತ್ತೂ ಬಂದಿರಲಿಲ್ಲ. ಆಕೆ ಹಿಂದೆಯೇ ಬಂದು ನಿಂತಳು. ಅಭ್ಯಾಸಬಲ, ಬಾಯಿಗೆ ಬಂತು.

"ವಾಸನೆ ಹೇಗಿದೆ?"

"ಚೆನ್ನಾಗೈತೆ ಕಣಮ್ಮ. ನಿಜವಾಗ್ಲೂ ಚೆನ್ನಾಗೈತೆ."

ನನ್ನ ಮುಖ ನೋಡಿದಳು. ಬನ್ನು ನೋಡಿದಳು. ಒಂದನ್ನು ಮುರಿದು ಮೂಗಿನ ಹತ್ತಿರ ಹಿಡಿದಳು, ಜೋರಾಗಿ ಎಳೆದುಕೊಂಡಳು, ಮತ್ತೆ ಎಳೆದುಕೊಂಡಳು... ಆಮೇಲೆ ಆ ಅಷ್ಟೂ ಬನ್ನನ್ನು ಒಂದೊಂದಾಗಿ ಕಸದ ಡಬ್ಬಿಗೆ ಹಾಕಿದಳು. ಇಪ್ಪತ್ತನಾಲ್ಕು ಬನ್ನು. ಒಂದೂ ಕೆಟ್ಟಿರಲಿಲ್ಲ.

"ಜಾಡಿ ತೊಳೆದಿಟ್ಟು ಹೋಗಿ. ನಾಳೆಯಿಂದ ಬರಬೇಡಿ," ಅಂದಳು. ಎದುರಿಗೆ ನಿಂತು ನನಗೆ ಬಹುವಚನ ಕೊಟ್ಟದ್ದು ಅದೇ ಮೊದಲ ಸಲ.

ಜಾಡಿಯಲ್ಲಿದ್ದದ್ದನ್ನು ಹಿತ್ತಲ ಕರಿಬೇವಿನ ಬುಡದಲ್ಲಿ ಗುಂಡಿ ತೋಡಿ ಹಾಕಿದೆ. ಅಷ್ಟು ಉಪ್ಪಿಗೆ ತಿಂಗಳೊಳಗೆ ಆ ಗಿಡವೂ ಒಣಗಿತು. ಆಕೆ ಇನ್ನಷ್ಟು ದಿನ ಒಬ್ಬಳೇ ಬ್ರೆಡ್ಡು ಮಾಡಿದಳು. ಮೆಟ್ಟಿಲಿಳಿಯುವಾಗ ಒಮ್ಮೊಮ್ಮೆ ಸೀದ ವಾಸನೆ ಬರುತ್ತಿತ್ತು. ಬಾಗಿಲು ತಟ್ಟಿ ಹೇಳಲಿಲ್ಲ. ಹೇಳಿದರೂ ಆಕೆ ಯಾಕೆ ಕೇಳಿಯಾಳು? ಆಮೇಲೆ ಅದೂ ನಿಂತಿತು. ಮಗಳಿಗೆ ಮಧುಗಿರಿಯಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಹೋದ ವರ್ಷ ಮಗಳು ಫೋನು ನೋಡುತ್ತಾ, "ಅವ್ವಾ, ಕೆಳಗಿನ್ ಮನೆ ಬನ್ನಿನಮ್ಮ ತೀರ್ಕೊಂಡ್ರಂತೆ," ಅಂದಳು. "ಹೌದಾ," ಅಂದೆ. ತಟ್ಟೆಯಲ್ಲಿದ್ದ ಮುದ್ದೆ ಮುಗಿಸಿದೆ. ಕಟ್ಟಿನ ವಿಷಯ ಮಗಳಿಗೂ ಹೇಳಿಲ್ಲ. ಇಲ್ಲಿ ಬರೆದದ್ದೇ ಮೊದಲು.

ಆಕೆ ಒಳ್ಳೆಯವಳಾಗಿರಲಿಲ್ಲ. ನನ್ನ ಅವರೆಯನ್ನು, ನನ್ನ ಹುರುಳಿಯನ್ನು ತನ್ನದು ಅಂದವಳು. ಆ ಸಿಟ್ಟು ಇವತ್ತಿಗೂ ಹಾಗೇ ಇದೆ. ಆದರೆ ಆಕೆ ನನ್ನಿಂದ ಕಿತ್ತುಕೊಂಡದ್ದು ಹೆಸರು. ನಾನು ಆಕೆಯಿಂದ ಕಿತ್ತುಕೊಂಡದ್ದನ್ನು ಯಾವ ತಕ್ಕಡಿಯಲ್ಲಿ ತೂಗುವುದೋ ನನಗೆ ಗೊತ್ತಿಲ್ಲ. ಬಲಸಮುದ್ರದ ನಮ್ಮ ಹೊಲದಲ್ಲಿ ಈಗ ಗಾಜು ಹೊಳೆಯುತ್ತದೆ. ಹುರುಳಿಯನ್ನು ಅಂಗಡಿಯಿಂದ ತರುತ್ತೇವೆ, ಕಟ್ಟು ತೆಳ್ಳಗೆ ಬರುತ್ತದೆ.

"ಅಜ್ಜೀ! ಕೇಳ್ತಾ ಇದೀನಲ್ಲ, ಆಗೈತಾ?" ಮೊಮ್ಮಗಳು ಮತ್ತೆ ಕೂಗಿದಳು.

"ಅಡಿ ಸೀಯ್ತಾ ಐತೆ ಕಣೇ, ಬೇಗ ತೆಗಿ."

ಮರುಮಾತಿಲ್ಲದೆ ಒಲೆ ಆರಿಸಿ ತೆಗೆದಳು. ಬಂದು ನೋಡಲಿಲ್ಲ, ಹೌದಾ ಅಂತ ಕೇಳಲಿಲ್ಲ. ನಾನು ಹೇಳಿದ್ದೇ ಸಾಕಾಯಿತು ಆ ಹುಡುಗಿಗೆ. ಆರಿದ ಮೇಲೆ ತಳ ಕಪ್ಪಾದ ಒಂದು ಬನ್ನು ತಂದು ನನ್ನ ಕೈಗಿಟ್ಟು, ಹೆಂಗೈತೆ ಅಂತ ನಿಂತಳು. ಕಪ್ಪು ಕೆರೆದು ತಿಂದೆ. ಪರವಾಗಿಲ್ಲ ಅಂದೆ.

ಬನ್ನಿನಮ್ಮನದರ ಹತ್ತಿರಕ್ಕೂ ಬರುವುದಿಲ್ಲ ಅದು. ಆಕೆ ಬದುಕಿದ್ದು, ನಾನು ಹೋಗಿ ಇದನ್ನು ಹೇಳಿದ್ದರೂ ಆಕೆ ನಂಬುತ್ತಿರಲಿಲ್ಲ.